ಸ್ಲ್ಯಾಬಿನ ಮೇಲಿನ ಹಾಲುಹಲ್ಲು

ಎಕ್ಸ್-ರೇ ತೆಗೆಯೋದು ನನ್ನ ಹೊಟ್ಟೆಪಾಡು. ಮಲಾಡಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ ಜನರ ಮೂಳೆ ನೋಡುತ್ತಿದ್ದೇನೆ. ಮುಖ ಮರೆತುಹೋಗುತ್ತದೆ, ಮೊಣಕಾಲು ಮರೆಯುವುದಿಲ್ಲ. ಈ ಕೆಲಸ ಹಿಡಿದ ಎರಡನೇ ವರ್ಷಕ್ಕೇ ನನಗೊಂದು ಚಟ ಅಂಟಿಕೊಂಡಿತ್ತು. ಬೇರೆಯವರ ಪಾಳಿಯಲ್ಲಿ ತೆಗೆದ ಫಿಲಂ ಸ್ಕ್ರೀನಿನ ಮೇಲೆ ಬಂದ ಕೂಡಲೇ, ಹೆಸರು ವಯಸ್ಸು ಇರುವ ಮೂಲೆಯನ್ನು ಅಂಗೈಯಿಂದ ಮುಚ್ಚಿಕೊಂಡು, ಇವರಿಗೆ ಇಷ್ಟು ವಯಸ್ಸು ಅಂತ ಜೋರಾಗಿ ಹೇಳೋದು. ಆಮೇಲೆ ಕೈ ತೆಗೆದು ನೋಡೋದು. ಜೊತೆಯವರು ನನ್ನ ಮೇಲೆ ಚಹಾದ ಪಂದ್ಯ ಕಟ್ಟಿ ಸೋತು ಸುಸ್ತಾಗಿದ್ದರು. ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ಆಟಕ್ಕೆ ನಾನೇ ಮಾಡಿಕೊಂಡ ಒಂದು ಕಾಯಿದೆ ಇತ್ತು. ಕೈ ತೆಗೆದ ಮೇಲೆ ನಾಕಾದವರದು ಅಂತ ತಿಳಿದರೆ ಆ ಫಿಲಂ ಲೆಕ್ಕಕ್ಕಿಲ್ಲ. ನಾಕಾ ಅಂದರೆ ಬೆಳಿಗ್ಗೆ ಕೂಲಿಯವರು ಬುತ್ತಿ ಹಿಡಿದು ನಿಂತು, ಯಾರಾದರೂ ಕೆಲಸಕ್ಕೆ ಕರೆಯಲಿ ಅಂತ ಕಾಯುವ ರಸ್ತೆಕೂಡು. ಅವರ ಫಿಲಂ ಬಂದರೆ ನನ್ನ ಊಹೆ ಹದಿನೈದು ಇಪ್ಪತ್ತು ವರ್ಷ ತಪ್ಪುತ್ತಿತ್ತು. ಟವರಿನ ಫ್ಲ್ಯಾಟಿನಲ್ಲಿ ಇರುವ ಎಪ್ಪತ್ತರ ಅಜ್ಜಿಯ ಮೊಣಕಾಲು ಐವತ್ತರವಳದಂತೆ ಕಾಣುತ್ತದೆ, ನಾಕಾದ ನಲವತ್ತೈದರ ಹೆಂಗಸಿನದು ಅರವತ್ತೈದರವಳದಂತೆ. ಎಳೆಕೂಸುಗಳ ಫಿಲಂನಲ್ಲಿ ಮಾತ್ರ ಟವರಿನದು ಯಾವುದು, ಝೋಪಡಿಯದು ಯಾವುದು ಅಂತ ನಾನು ಹೇಳಲಾರೆ. ಆರು ವರ್ಷದ ಮಕ್ಕಳದೂ ಹೆಚ್ಚು ಕಡಿಮೆ ಹಾಗೇ. ಮೂವತ್ತು ದಾಟುತ್ತಲೇ ದಾರಿ ಬೇರೆಯಾಗಲು ಶುರು. ಮನೆಗೆ ಬರುವ ಪಗಾರ ಕೀಲಿನ ಸಂದಿಯೊಳಗೆ ಹೋಗಿ ಕೂತಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದು ಏನು? ನನ್ನ ಗೆಲುವಿಗೆ ಅಡ್ಡ ಬರುತ್ತಾರೆ ಅಂತ ಅವರನ್ನು ಆಟದಿಂದ ಹೊರಗಿಟ್ಟೆ.

ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ಸಂಜೆಯ ಪಾಳಿಯ ಫಿಲಂಗಳನ್ನು ತೆರೆಯುತ್ತಿದ್ದೆ. ಬಲ ಮೊಣಕಾಲು. ಒಳಮಗ್ಗುಲಿನ ಸಂದಿ ಮುಚ್ಚೇ ಹೋಗಿತ್ತು, ಎಲುಬಿನ ಮೇಲೆ ಎಲುಬು ಕೂತಿತ್ತು, ಅಂಚಿನಲ್ಲಿ ಮುಳ್ಳು ಬೆಳೆದಿತ್ತು. ಮೂಲೆ ಮುಚ್ಚಿಕೊಂಡು, "ಎಪ್ಪತ್ತು" ಅಂದೆ.

ಕೈ ತೆಗೆದೆ. ಅರವತ್ತಾರು ಅಂತ ಇತ್ತು. ಪಕ್ಕದ ಹುಡುಗಿ, ನಾಲ್ಕು ವರ್ಷ ತಪ್ಪಿದಿರಿ ಮೇಡಂ, ಚಹಾ ನಿಮ್ಮ ಖರ್ಚು ಅಂತ ನಕ್ಕಳು. ನಾನು ವಯಸ್ಸಿನ ಮೇಲಿದ್ದ ಹೆಸರು ಓದುತ್ತಿದ್ದೆ. ಅದು ನಮ್ಮವ್ವನ ಹೆಸರು.

ನಮ್ಮವ್ವಗೆ ಐವತ್ತೊಂದು. ನನಗೀಗ ಮೂವತ್ಮೂರು, ನಾನು ಹುಟ್ಟಿದಾಗ ಅವಳಿಗೆ ಹದಿನೆಂಟು. ಒಂದೇ ಮನೆಯಲ್ಲಿ ಇರುತ್ತೇವೆ, ಒಂದೇ ಒಲೆಯ ಮೇಲಿನ ಅನ್ನ ಉಣ್ಣುತ್ತೇವೆ. ಅವಳ ಕಾಲನ್ನು ನೋಡಿ ನಾನು ಎಪ್ಪತ್ತು ಅಂದಿದ್ದೆ. ಅವತ್ತು ಚಹಾ ತರಿಸಿದೆ, ಕುಡಿಯಲಿಲ್ಲ.

ಅವ್ವ ವಿಜಯಪುರ ಜಿಲ್ಲೆಯವಳು. ಹಾಲು ಬಿಟ್ಟ ವಯಸ್ಸಿಗೇ ನಮ್ಮಜ್ಜಿಯ ಸೊಂಟದ ಮೇಲೆ ಕೂತು ಮುಂಬೈಗೆ ಬಂದವಳು. ಅಜ್ಜಿ ಕಾಂಕ್ರೀಟು ಹೊತ್ತಳು, ಅವ್ವ ಹೊತ್ತಳು. ಅಪ್ಪ ಸೆಂಟ್ರಿಂಗ್ ಕೆಲಸದವನು, ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಎದೆಯ ಬೇನೆಯಿಂದ ಹೋದ, ಅವನಿಗೆ ಇನ್ನೂ ನಲವತ್ತಾಗಿರಲಿಲ್ಲ. ಆಮೇಲೆ ಅವ್ವ ಒಬ್ಬಳೇ ಹೊತ್ತಳು. ಈಗ ಅವಳು ಮುಕಾದಮ್. ಹದಿನಾಲ್ಕು ಹೆಂಗಸರ ಬ್ಯಾಚು ಅವಳದು. ಸ್ಲ್ಯಾಬು ಹಾಕುವ ದಿನ ಗುತ್ತಿಗೆದಾರರು ಅವಳಿಗೇ ಫೋನ್ ಮಾಡುತ್ತಾರೆ, ಯಾಕೆಂದರೆ ಅವಳ ಬ್ಯಾಚು ನಡುವೆ ಕೈ ಬಿಟ್ಟು ಕೂರುವುದಿಲ್ಲ. ಅವಳು ಕೆಳಗೆ ನಿಂತು ಹುಕುಂ ಮಾಡುವ ಮುಕಾದಮ್ ಅಲ್ಲ. ಮೊದಲ ಬುಟ್ಟಿ ತಾನೇ ಹೊತ್ತು ಮೇಲೆ ಹೋಗಬೇಕು. ಮುಂದೆ ಇವಳು ಏರದಿದ್ದರೆ ಹಿಂದಿನವರು ಯಾಕೆ ಏರಬೇಕು ಅನ್ನುವುದು ಅವಳ ನ್ಯಾಯ.

ಸಂಜೆ ಮನೆಗೆ ಹೋದವಳೇ ಶುರು ಮಾಡಿದೆ. "ಕಾಲು ಇಷ್ಟು ಕೆಟ್ಟೈತಿ, ನನಗ ಯಾಕ ಹೇಳಲಿಲ್ಲ? ನನ್ನ ದವಾಖಾನಿಗೇ ಕದ್ದು ಬರ್ತೀ ಅಂದ್ರ ಏನರ್ಥ?"

ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನೀ ಒದರ್ತಿ ಅಂತ."

"ನಾ ಎಲ್ಲಿ ಒದರ್ತೀನಿ?"

"ಈಗ ಏನು ಮಾಡಾಕತ್ತಿ ಮತ್ತ?"

ನನ್ನ ಸಿಟ್ಟು ಅವಳ ಕೊಡುಗೆಯೇ, ಆದರೆ ಅವಳದು ಹೊರಗೆ ಕಾಣುವುದಿಲ್ಲ.

ಎರಡು ದಿನ ಬಿಟ್ಟು ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಫಿಲಂ ನೋಡಿದರು, ಫಾರಂ ನೋಡಿದರು. "ಈ ವಯಸ್ಸಿಗೆ ಎರಡೇ ದಾರಿ. ಗುಳಿಗೆ ನುಂಗಿಕೊಂಡು ಮನೆಯಲ್ಲಿ ಇರೋದು, ಇಲ್ಲ ಕೀಲು ಬದಲಿಸೋದು. ಬದಲಿಸಿದರೆ ಆರಾಮಾಗಿ ನಡೀಬಹುದು. ಆದರೆ ಭಾರ ಹೊತ್ತು ಮೆಟ್ಟಿಲು ಏರೋದು, ಕುಕ್ಕರಗಾಲಲ್ಲಿ ಕೂರೋದು ಮರೆತುಬಿಡಬೇಕು."

ಅವ್ವ ನನ್ನ ಮುಖ ನೋಡಿದಳು. ಡಾಕ್ಟರು ಆಡಿದ ಮರಾಠಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ, ನಾನು ಹೇಳಿ ತಿಳಿಸುವುದೇನೂ ಇರಲಿಲ್ಲ.

"ಮೂರನೇದು ಇಲ್ಲವಾ ಸರ್?" ಅಂದೆ. ಇದೆ ಅಂತ ನನಗೆ ಗೊತ್ತಿತ್ತು. ಅಂಥ ಆಪರೇಷನ್ನಿನ ಫಿಲಂ ಎಷ್ಟು ತೆಗೆದಿಲ್ಲ ನಾನು. ಮೊಣಕಾಲಿನ ಕೆಳಗಿನ ಮೂಳೆಯನ್ನು ಕೊಯ್ದು ನೆಟ್ಟಗೆ ಮಾಡಿ ಲೋಹದ ಪಟ್ಟಿ ಹಾಕುತ್ತಾರೆ. ಮೈಭಾರ ಸವೆದ ಮಗ್ಗುಲಿನಿಂದ ಸರಿದು ಒಳ್ಳೆಯ ಮಗ್ಗುಲಿಗೆ ಬೀಳುತ್ತದೆ. ಸ್ವಂತ ಕೀಲು ಉಳಿಯುತ್ತದೆ. ಕೂಡಿಕೊಂಡ ಮೇಲೆ ದುಡಿಯಲೂಬಹುದು.

"ಅದು ಐವತ್ತರ ಆಸುಪಾಸಿನವರಿಗೆ. ಹೊರಮಗ್ಗುಲು ಚೆನ್ನಾಗಿದೆ, ನಿಜ. ಆದರೆ ಅರವತ್ತಾರಕ್ಕೆ ಮೂಳೆ ಕೊಯ್ದು, ಅದು ಕೂಡಲಿಲ್ಲ ಅಂದರೆ ಹಾಸಿಗೆ ಹಿಡಿದುಬಿಡುತ್ತಾರೆ. ಆ ಕೆಲಸ ನಾನು ಮಾಡಲ್ಲ."

"ಅವ್ವಗೆ ಐವತ್ತೊಂದು ಸರ್."

ಅವರು ಅವ್ವನ ಗುರುತಿನ ಕಾರ್ಡು ನನ್ನ ಕಡೆ ತಿರುಗಿಸಿದರು. "ಕಾರ್ಡು ಅರವತ್ತಾರು ಅನ್ನುತ್ತದೆ. ಮೂಳೆ ಇನ್ನೂ ಹೆಚ್ಚು ಅನ್ನುತ್ತದೆ. ಐವತ್ತೊಂದು ಅನ್ನೋರು ನೀವೊಬ್ಬರೇ. ಇದಕ್ಕಿಂತ ಗಟ್ಟಿಯಾದದ್ದು ಏನಾದರೂ ಇದ್ದರೆ ತನ್ನಿ, ನೋಡೋಣ."

ಅವರನ್ನು ಬೈಯಬೇಕು ಅನ್ನಿಸಿತು. ಆದರೆ ಅದೇ ಫಿಲಂ ನೋಡಿ ಎಪ್ಪತ್ತು ಅಂದವಳು ನಾನು, ಯಾವ ಬಾಯಿಂದ ಬೈಯಲಿ.

ಕಾರ್ಡಿನ ಕಥೆ ಇಷ್ಟು. ಹದಿಮೂರಕ್ಕೆ ಅವ್ವ ಮೊದಲ ಸಲ ನಾಕಾದಲ್ಲಿ ನಿಂತಾಗ, ಸಣ್ಣ ಹುಡುಗಿ ಅಂದರೆ ಅರ್ಧ ಕೂಲಿ ಕೊಡುತ್ತಾರೆ ಅಂತ ಹದಿನೆಂಟು ಅಂದಳು. ಅಲ್ಲಿಗೆ ಐದು ಕೂಡಿತು. ನಾನು ಹುಟ್ಟಿದ ಹೆರಿಗೆಯ ಕಾಗದದಲ್ಲೂ ಅದೇ ಸುಳ್ಳು ನಡೆಯಿತು. ಮುಂದೆ ಕಾರ್ಡಿನ ಕ್ಯಾಂಪು ಬಂದಾಗ, ಬರೆಯುವವನು ವಯಸ್ಸೆಷ್ಟು ಅಂದ, ಇವಳು ಹಳೇ ಲೆಕ್ಕದ ವಯಸ್ಸೇ ಹೇಳಿ, ನೀವೇ ನೋಡಿ ಬರೀರಿ ಸಾಹೇಬ್ರ ಅಂದಳು. ಅವನು ಮುಖ ನೋಡಿದ, ಕೈ ನೋಡಿದ, ಇನ್ನೊಂದು ಹತ್ತು ಸೇರಿಸಿದ. ನಮ್ಮ ಜನರಲ್ಲಿ ಇದು ಮನೆಮನೆಯ ತಪ್ಪು. ಇದ್ದ ವಯಸ್ಸು ಮುಚ್ಚಿಟ್ಟು ಕಡಿಮೆ ಹೇಳುವವರನ್ನು ಟವರಿನಲ್ಲಿ ಕಂಡಿದ್ದೇನೆ, ನಮ್ಮವರು ಹೆಚ್ಚಿಗೆ ಹೇಳಿ ಕೆಟ್ಟವರು. ಅವ್ವ ಶಾಲೆಯ ಮೆಟ್ಟಿಲು ಹತ್ತಿಲ್ಲ, ಹುಟ್ಟಿದ್ದು ಹೊಲದ ಗುಡಿಸಲಲ್ಲಿ. ಗಟ್ಟಿಯಾದದ್ದು ಎಲ್ಲಿಂದ ತರಲಿ?

ಅದು ಸಿಕ್ಕಿದ್ದು ನನ್ನ ಮಗಳ ಬಾಯಲ್ಲಿ. ಅವಳಿಗೆ ಆರು, ಕೆಳಗಿನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು. ಊಟಕ್ಕೆ ಕೂತಾಗ ನಾಲಿಗೆಯಿಂದ ಅದನ್ನು ಆಡಿಸುತ್ತ, "ಅಜ್ಜಿ, ದಾಂತ್ ಗಿರೇಗಾ ತೋ ಎಲ್ಲಿ ಇಡೋದು?" ಅಂದಳು. ಅವಳ ಕನ್ನಡ ಹಾಗೇ, ಅರ್ಧ ದಾರಿಗೆ ಹಿಂದಿ ಹತ್ತಿ ಇಳಿಯುತ್ತದೆ.

"ನನ್ನ ಕೈಯಾಗ ಕೊಡು, ಸ್ಲ್ಯಾಬಿಗೆ ಒಯ್ತೀನಿ" ಅಂದಳು ಅವ್ವ. ಅಂದವಳು ಚಾಚಿಟ್ಟ ಕಾಲಿನ ಮೇಲೆ ಕೈ ಇಟ್ಟುಕೊಂಡಳು.

ಊರ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿ ಇಟ್ಟು ಮಾಳಿಗೆ ಮೇಲೆ ಒಗೆಯುತ್ತಾರೆ. ಮುಂಬೈಯಲ್ಲಿ ನಮ್ಮಜ್ಜಿಗೆ ಮಾಳಿಗೆ ಎಲ್ಲಿತ್ತು? ತಲೆಯ ಮೇಲೆ ಇದ್ದದ್ದು ತಾಡಪತ್ರಿ. ಅದಕ್ಕೆ ಅಜ್ಜಿ ಒಂದು ಉಪಾಯ ಮಾಡಿದಳು. ತಾನು ಹೊತ್ತು ಕಟ್ಟುತ್ತಿದ್ದ ಬಿಲ್ಡಿಂಗಿನ ಎಲ್ಲಕ್ಕಿಂತ ಮೇಲೆ, ಗಚ್ಚು ಹಸಿ ಇರುವಾಗಲೇ ಹಲ್ಲನ್ನು ಒತ್ತಿಬಿಡೋದು. ಇಡೀ ಗಲ್ಲಿಯಲ್ಲಿ ಅಷ್ಟು ಎತ್ತರದ ಮಾಳಿಗೆ ಯಾರಿಗಿದೆ? ಅಜ್ಜಿಯ ಬ್ಯಾಚಿನವರೆಲ್ಲ ಅದನ್ನೇ ಹಿಡಿದರು. ನನ್ನ ಹಲ್ಲು ಕಾಂದಿವಲಿಯ ಏಳು ಮಾಳಿಗೆಯ ಬಿಲ್ಡಿಂಗೊಂದರ ಮೇಲಿದೆ. ಕೆಳಗೆ ರಿಕ್ಷಾದಲ್ಲಿ ಹೋಗುವಾಗೆಲ್ಲ ಕತ್ತೆತ್ತಿ ನೋಡುತ್ತೇನೆ.

"ನಂದೂ ಐತಿ" ಅಂದಳು ಅವ್ವ. "ಸ್ಟೇಷನ್ ಕಡೆ, ಆ ನಾಕು ಮಾಳಿಗಿ ಹಳೇ ಬಿಲ್ಡಿಂಗ್ನಾಗ. ನೀರಿನ ಟಾಕಿ ಕಟ್ಟಿ ಮ್ಯಾಲ. ಗೌಂಡಿ ಮಾಮಾ ನನ್ನ ಬಾಯಿ ನೋಡಿ ನಕ್ಕಿದ್ದ. ಇದ ಮೊದಲನೇ ಹಲ್ಲೇನು ಅಂದು, ಬಾಜೂಕ ಇಸ್ವಿ ಗೀರಿದ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮೊದಲನೇ ಹಾಲುಹಲ್ಲು. ಅದು ಬೀಳೋದು ಆರಕ್ಕೆ, ಬಹಳ ಅಂದರೆ ಏಳಕ್ಕೆ. ಟವರಿನ ಮಗುವಿಗೂ ಆರೇ, ತಾಡಪತ್ರಿಯ ಕೆಳಗಿನ ಮಗುವಿಗೂ ಆರೇ. ಸಾಲದ್ದಕ್ಕೆ ಪಕ್ಕದಲ್ಲಿ ಇಸವಿಯೂ ಇದೆ.

ಮಾರನೇ ದಿನ ರಜೆ ಹಾಕಿ ಇಬ್ಬರೂ ಹೋದೆವು. ಬಿಲ್ಡಿಂಗನ್ನು ಮಳೆಗಾಲ ಮುಗಿದ ಮೇಲೆ ಕೆಡವುತ್ತಾರಂತೆ, ಅಲ್ಲಿ ದೊಡ್ಡ ಟವರು ಏಳುತ್ತದಂತೆ. ಗೇಟಿನ ಮೇಲೆ ಬೋರ್ಡು ಬಿದ್ದಿತ್ತು. ಲಿಫ್ಟಿಲ್ಲ. ಅವ್ವನನ್ನು ವಾಚ್‌ಮನ್ ಕುರ್ಚಿಯ ಮೇಲೆ ಕೂರಿಸಿದೆ. ಸೊಸೈಟಿ ಸೆಕ್ರೆಟರಿ ಇಳಿದು ಬಂದರು. ತೆಳ್ಳಗಿನ ಮೈ, ಬಿಳಿ ಬೂಟು, ತಮಗೆ ಎಪ್ಪತ್ತೆರಡು ಅಂತ ಕೇಳದೆಯೇ ಹೇಳಿದರು. ಅವ್ವನ ಕಡೆ ನೋಡಿ, "ಆಜಿ ಇಲ್ಲೇ ಕೂತಿರಲಿ, ಪಾಪ" ಅಂದರು. ಎಪ್ಪತ್ತೆರಡರ ಗಂಡಸು ಐವತ್ತೊಂದರ ನಮ್ಮವ್ವನಿಗೆ ಅಜ್ಜಿ ಅನ್ನುತ್ತಾನೆ. ನನ್ನ ಸಿಟ್ಟು ನೆತ್ತಿಗೇರಿತು, ಅವ್ವ ಕಣ್ಣಲ್ಲೇ ಸುಮ್ಮನಿರು ಅಂದಳು.

"ಇವರು ಇಲ್ಲಿ ಇದ್ದರಾ? ಯಾವ ಫ್ಲ್ಯಾಟು?" ಅಂತ ಹಿಂದಿಯಲ್ಲಿ ಕೇಳಿದರು.

"ಫ್ಲ್ಯಾಟು ಅಲ್ಲ ಸರ್, ಪೂರ್ತಿ ಬಿಲ್ಡಿಂಗು. ಇದನ್ನು ತಲೆ ಮೇಲೆ ಹೊತ್ತವಳು ನಮ್ಮಜ್ಜಿ. ಇವರು ಆವಾಗ ಇಲ್ಲೇ ಮರಳಿನಲ್ಲಿ ಆಡುತ್ತಿದ್ದರು."

ಹಲ್ಲಿನ ವಿಷಯವನ್ನೂ ಹೇಳಿದೆ. ಅವರು ಟೆರೇಸಿನ ಬೀಗದ ಕೈ ತಂದರು, ಎರಡೆರಡು ಮೆಟ್ಟಿಲು ದಾಟುತ್ತ ನನಗಿಂತ ಮುಂದೆ ಹತ್ತಿದರು. ಅಭ್ಯಾಸಬಲ, ನನ್ನ ಕಣ್ಣು ಅವರ ಮೊಣಕಾಲಿನ ಮೇಲೇ ಇತ್ತು. ಅಂಥ ಕಾಲು ಅವರಿಗಿರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಅಂಥದ್ದೇ ಕಾಲಿನಿಂದ ನಮ್ಮವ್ವನೂ ಶುರು ಮಾಡಿದ್ದಳು, ಅಷ್ಟೇ ನನ್ನ ತಕರಾರು.

ಟೆರೇಸಿನ ನೆಲಕ್ಕೆ ಎಷ್ಟೋ ಸಲ ಡಾಂಬರು ಬಳಿದಿದ್ದರು. ಟಾಕಿಯ ಕಟ್ಟೆ ಮಾತ್ರ ಹಳೇದೇ, ಸುಣ್ಣದ ಪದರ ಪದರ. ಅವ್ವ ಫೋನಿನಲ್ಲಿ ಕೆಳಗಿಂದ ದಾರಿ ಹೇಳಿದಳು. ರೈಲು ಕಾಣುವ ಮಗ್ಗುಲು. ಮೂಲೆಯಿಂದ ಒಂದು ಗೇಣು. ನಾನು ಮೊಣಕಾಲೂರಿ, ತಂದಿದ್ದ ತಂತಿ ಬ್ರಷ್ಷಿನಿಂದ ತಿಕ್ಕಿದೆ. ಮೊದಲು ಇಸವಿ ಬಂತು, ಮೊಳೆಯಿಂದ ಗೀರಿದ ಸೊಟ್ಟ ಅಂಕಿಗಳು. ಅದರ ಮಗ್ಗುಲಲ್ಲಿ ಒಂದು ಗುಳಿ. ಗುಳಿಯ ತುಂಬ ಸುಣ್ಣ. ಸೀರೆಪಿನ್ನಿನಿಂದ ಮೆಲ್ಲಗೆ ಕೆದರಿದೆ.

ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹಳದಿಗೆ ತಿರುಗಿತ್ತು, ಆದರೆ ಹಲ್ಲು ಹಲ್ಲೇ. ಕೆಳಸಾಲಿನ ಮುಂದಿನ ಹಾಲುಹಲ್ಲು. ಮನೆಯಲ್ಲಿ ನನ್ನ ಮಗಳ ಬಾಯಲ್ಲಿ ಅಲ್ಲಾಡುತ್ತಿದ್ದ ಹಲ್ಲಿಗೂ ಇದಕ್ಕೂ ಏನೂ ಫರಕು ಇರಲಿಲ್ಲ. ಆರು ವರ್ಷದ ನಮ್ಮವ್ವನಿಗೆ ಏನೂ ಕಡಿಮೆ ಇರಲಿಲ್ಲ. ಎಷ್ಟು ದುಂಡಗಿನ, ಗಟ್ಟಿ ಹಲ್ಲು ಅದು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಸೆಕ್ರೆಟರಿ ಟಾಕಿಯ ಆಚೆ ಹೋಗಿ ರೈಲು ನೋಡುತ್ತ ನಿಂತರು.

ಇಸವಿಯಿಂದ ಇವತ್ತಿಗೆ ನಲವತ್ತೈದು ವರ್ಷ. ಅದಕ್ಕೆ ಆರು ಕೂಡಿದರೆ ಐವತ್ತೊಂದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಹಲ್ಲನ್ನು ಕಿತ್ತು ತರಲಾ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ಅವ್ವ, "ಮಾಳಿಗಿ ಮ್ಯಾಲ ಒಗೆದದ್ದು ತಿರುಗಿ ತರ್ತಾರೇನು?" ಅಂದಳು. ಕೆಳಗಿಳಿದ ಮೇಲೆ, "ಕೆಡವಿಬಿಡ್ತಾರಂತ ಅವ್ವಾ" ಅಂದೆ. "ಕೆಡವಲಿ. ಹೊಸಾದು ಕಟ್ಟವ್ರು ಯಾರು? ನಾವ ಅಲ್ಲೇನು?"

ಡಾಕ್ಟರು ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಕಾರ್ಡನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅವ್ವನ ಫಿಲಂ ಮತ್ತೆ ತೆರೆದು, ಈ ಸಲ ಹೊರಮಗ್ಗುಲಿನ ಮೇಲೆ ಬೆರಳಿಟ್ಟರು. ಮೂಳೆಯ ಗಟ್ಟಿತನ ನೋಡುವ ಇನ್ನೊಂದು ತಪಾಸಣೆ ಮಾಡಿಸಿದರು, ರಕ್ತ ನೋಡಿದರು. ರಕ್ತ ಕಡಿಮೆ ಇತ್ತು, ಎರಡು ತಿಂಗಳು ಗುಳಿಗೆ ಕೊಟ್ಟು ಕಾಯಿಸಿದರು. ಕೊನೆಗೆ, "ಮಾಡೋಣ" ಅಂದರು. ಫಾರಂ ತುಂಬುವಾಗ ವಯಸ್ಸಿನ ಜಾಗವನ್ನು ಖಾಲಿ ಬಿಟ್ಟು ಪೆನ್ನು ನನ್ನ ಕೈಗೆ ಕೊಟ್ಟರು. ಐವತ್ತೊಂದು ಅಂತ ದಪ್ಪಗೆ ಬರೆದೆ.

ಆ ಎರಡು ತಿಂಗಳಲ್ಲೇ ಮಗಳ ಹಲ್ಲು ಬಿತ್ತು. ಅದು ಕುಂಕುಮದ ಭರಣಿಯಲ್ಲಿ ದೇವರ ಮುಂದೆ ಕೂತಿತು. ಆಪರೇಷನ್ ಆಯಿತು. ಅವ್ವ ವಾಕರು ಹಿಡಿದಳು, ಕೋಲು ಹಿಡಿದಳು, ಕೋಲು ಬಿಟ್ಟಳು. ಅವಳ ಬ್ಯಾಚನ್ನು ಹದಿನಾಲ್ಕು ಹೆಂಗಸರು ಸರದಿಯ ಮೇಲೆ ನಡೆಸಿದರು, ಒಬ್ಬಳೂ ಬೇರೆ ಮುಕಾದಮ್ ಕಡೆ ಹೋಗಲಿಲ್ಲ. ಮಗಳು ದಿನಾ ಸಂಜೆ ಭರಣಿ ತೆರೆದು ನೋಡಿ, "ಅಜ್ಜಿ, ಆಜ್?" ಅನ್ನುತ್ತಿದ್ದಳು. "ಇವತ್ತಲ್ಲ ಕೂಸ" ಅನ್ನುತ್ತ ಅವ್ವ ಗೋಡೆ ಹಿಡಿದು ಕಾಲು ಮಡಚುತ್ತಿದ್ದಳು. ನೋವಿಗೆ ಹಲ್ಲು ಕಚ್ಚುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಆಪರೇಷನ್ ಆದ ಏಳನೇ ತಿಂಗಳಿಗೆ ಡಾಕ್ಟರು, ಏರಬಹುದು, ಸದ್ಯಕ್ಕೆ ಭಾರ ಬೇಡ ಅಂದರು. ಆ ವಾರವೇ ಅವಳ ಬ್ಯಾಚಿಗೆ ಆರನೇ ಸ್ಲ್ಯಾಬು ಇತ್ತು. ನಾನೂ ರಜೆ ಹಾಕಿದೆ. ಹಳದಿ ಹೆಲ್ಮೆಟ್ಟು ಹಾಕಿಕೊಂಡು ನಮ್ಮವ್ವ ಮುಂದೆ, ನಾನು ಹಿಂದೆ. ಆರು ಮಾಳಿಗೆಗೆ ಎರಡೇ ಸಲ ನಿಂತಳು, ಅದೂ ನನಗೆ ದಮ್ಮು ಹತ್ತಿತು ಅಂತ. ಮೇಲೆ ಬಂದಾಗ ಅವಳ ಹೆಂಗಸರು ಬುಟ್ಟಿ ಇಳಿಸಿ ನಿಂತುಬಿಟ್ಟರು, ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಾಕ ನಿಂತೀರಿ, ಮಾಲ್ ಗಟ್ಟಿ ಆಗ್ತೈತಿ" ಅಂತ ಅವ್ವ ಗದರಿದಳು. ಎದೆ ಉಬ್ಬುವುದು ಅಂತಾರಲ್ಲ, ಅವತ್ತು ನನಗೆ ಆದದ್ದು ಅದೇ.

ಮೂಲೆಯ ಕಂಬದ ಹತ್ತಿರ, ಹಸಿ ಗಚ್ಚಿನ ಮುಂದೆ ಅವ್ವ ಕುಕ್ಕರಗಾಲಲ್ಲಿ ಕೂತಳು. ನಿಧಾನಕ್ಕೆ, ಆದರೆ ಪೂರ್ತಿ ಕೂತಳು. ಸೊಂಟಕ್ಕೆ ಸಿಕ್ಕಿಸಿದ್ದ ಭರಣಿ ತೆಗೆದು, ಮೊಮ್ಮಗಳ ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿದಳು. ನಾನು ಪಕ್ಕದಲ್ಲಿ ಕೂತು, ಒಂಬತ್ತು ತಿಂಗಳಿಂದ ಮುಚ್ಚಿಟ್ಟದ್ದನ್ನು ಹೇಳಿದೆ.

"ಅವ್ವಾ, ಹೆಸರು ನೋಡೂಕಿಂತ ಮೊದಲ ನಿನ್ನ ಫಿಲಂ ನೋಡಿದ್ದೆ. ಎಪ್ಪತ್ತು ಅಂದಿದ್ದೆ. ಎಲ್ಲಾರ ಮುಂದ."

ಅವ್ವ ಗಚ್ಚು ಸವರುತ್ತಲೇ ಇದ್ದಳು. "ಎಷ್ಟು ಹೆಚ್ಚಿಗಿ ಆತು?"

"ಹತ್ತೊಂಬತ್ತು ವರ್ಷ."

"ಅಷ್ಟ ಅಲ್ಲೇನು?" ಅಂದು ನನ್ನ ಕಡೆ ತಿರುಗಿ ನಕ್ಕಳು. "ಆ ವರ್ಷ ಏನೂ ಕಳದು ಹೋಗಿಲ್ಲ. ನಿನ್ನ ಸಾಲಿ ಕಲಿಸೂದಕ್ಕ ಹತ್ಯಾವು, ನಿನ್ನ ಮೈಗೆ ಹತ್ಯಾವು. ನಿನ್ನ ಮಣಕಾಲು ತೆಗಿ ನೋಡು ಒಮ್ಮಿ ಆ ಮಿಷಿನ್ನಾಗ, ಅಲ್ಲೇ ಅದಾವು."

ಗಚ್ಚಿನ ಕೈಯನ್ನೇ ನನ್ನ ಹೆಗಲ ಮೇಲೆ ಊರಿ ಅವಳು ಮೇಲೆದ್ದಳು. ಆ ಆಟ ನಾನು ಆಮೇಲೆ ಆಡಿಲ್ಲ. ನಾಕಾದ ಹೆಂಗಸರು ಮೇಜಿನ ಮೇಲೆ ಮಲಗಿದಾಗ, ಎಷ್ಟನೇ ವಯಸ್ಸಿನಿಂದ ಭಾರ ಹೊತ್ತಿರಿ, ಯಾರಿಗಾಗಿ ಹೊತ್ತಿರಿ ಅಂತ ಕೇಳುತ್ತೇನೆ, ಮತ್ತು ಅದನ್ನು ಫಾರಂನಲ್ಲಿ ವಯಸ್ಸಿನ ಪಕ್ಕ ಬರೆಯುತ್ತೇನೆ.